ಬರ್ಲಿನ್ನಿಗೆ ಬರಲಿರುವ ತಂಗಿಗೆ: ಮೊದಲು ವಿಳಾಸದ ಮಾತು

ಅಕ್ಟೋಬರಿನಲ್ಲಿ ಸ್ನಾತಕೋತ್ತರ ಪದವಿಗಾಗಿ ಬರ್ಲಿನ್ನಿಗೆ ಬರುತ್ತಿದ್ದೇನೆ ಎಂದು ಬರೆದಿದ್ದೀರಿ. ಖರ್ಚು ಎಷ್ಟಾಗುತ್ತದೆ, ಊಟಕ್ಕೇನು ಮಾಡುವುದು, ಅರೆಕಾಲಿಕ ಕೆಲಸ ಸಿಗುತ್ತದೆಯೇ, ಪಾಠಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಜರ್ಮನ್ ಕಲಿಯಲೇಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮೊದಲ ಕೆಲವು ತಿಂಗಳು ಯಾರದಾದರೂ ಕೋಣೆಯಲ್ಲಿ ಹೇಗೋ ಇದ್ದು, ಆಮೇಲೆ ನಿಧಾನವಾಗಿ ಮನೆ ಹುಡುಕಬಹುದಲ್ಲವೇ ಎಂದೂ ಕೇಳಿದ್ದೀರಿ. ಅಕ್ಕ ಎಂದು ಕರೆದು ಬರೆದಿರುವುದರಿಂದ ಸಲಿಗೆಯಿಂದಲೇ ಹೇಳುತ್ತೇನೆ: ನಿಮ್ಮ ಉಳಿದ ಪ್ರಶ್ನೆಗಳಿಗೆ ಒಂದೊಂದು ಮಾತು ಸಾಕು, ಈ ಕೊನೆಯದಕ್ಕೆ ಸಾಲದು.

ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಬ್ಯಾಂಕ್ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ. ಈಗಿನ ಬಾಡಿಗೆಯಲ್ಲಿ ಅದು ಕೈ ಬಿಗಿ ಹಿಡಿದು ಬದುಕುವವರಿಗೆ ಮಾತ್ರ ಸಾಕಾಗುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯಿದೆಯಾದರೂ ಮೊದಲ ಸೆಮಿಸ್ಟರಿನಲ್ಲಿ ಆ ಸಂಬಳವನ್ನು ನಂಬಿಕೊಂಡು ಬರಬೇಡಿ. ತೊಗರಿಬೇಳೆ, ರಾಗಿಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಅಮ್ಮ ಮಾಡಿದ ಸಾರಿನ ಪುಡಿ ಸಿಗುವುದಿಲ್ಲ, ಅದನ್ನು ತನ್ನಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಜರ್ಮನ್ ಅನ್ನು ಊರಿನಲ್ಲೇ ಶುರುಮಾಡಿ. ಈ ದೇಶದಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಅವರು ಕನ್ನಡ ಕಲಿತು 1894ರಲ್ಲಿ ನಮಗೆ ಶಬ್ದಕೋಶವನ್ನೇ ಕೊಟ್ಟರು. ನಾವು ಅವರ ಭಾಷೆಯನ್ನು ಬಾಡಿಗೆ ಕರಾರು ಓದುವಷ್ಟಾದರೂ ಕಲಿಯುವುದು ನಮ್ಮ ಮರ್ಯಾದೆಯ ಪ್ರಶ್ನೆ ಎಂದೇ ನಾನು ಭಾವಿಸಿದ್ದೇನೆ.

ಇನ್ನು ಮನೆಯ ವಿಷಯ. ಇಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಬ್ಯುರ್ಗರಾಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಇವರು ನಮ್ಮ ಮನೆಯಲ್ಲಿ ವಾಸವಾಗಿದ್ದಾರೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ಪತ್ರವಿಲ್ಲದೆ ಅದು ಆಗದು. 2015ರ ನವೆಂಬರಿನಿಂದ ಇದು ಕಡ್ಡಾಯ. ಆ ನೋಂದಣಿ ಆದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ವೀಸಾ ಮುಗಿದ ಮೇಲೆ ಇಲ್ಲಿ ಉಳಿಯಲು ಬೇಕಾದ ವಾಸದ ಅನುಮತಿಗೆ ಹಾಕುವ ಅರ್ಜಿಗೂ ಆ ನೋಂದಣಿಯನ್ನೇ ಕೇಳುತ್ತಾರೆ. ಬರ್ಲಿನ್ನಿನ ಬಾಡಿಗೆ ಮನೆಗಳಿಗೆ ಸಾಮಾನ್ಯವಾಗಿ ಬಾಗಿಲ ಸಂಖ್ಯೆಯೂ ಇರುವುದಿಲ್ಲ. ಅಂಚೆಯವರು ಕೆಳಗಿನ ಡಬ್ಬಿಗಳ ಮೇಲೆ ಅಂಟಿಸಿದ ಹೆಸರು ನೋಡಿ ಪತ್ರ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ. ನಮ್ಮವರ ಹೆಸರಿನಲ್ಲಿ ಊರು, ತಂದೆ, ಇನಿಶಿಯಲ್ ಎಲ್ಲ ಹಿಂದುಮುಂದಾಗಿ ಕೂತಿರುವುದರಿಂದ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆದು ಬಂದ ದಿನವೇ ಅಂಟಿಸಿ.

ನಾನು 2016ರ ಸೆಪ್ಟೆಂಬರ್ ಕೊನೆಯಲ್ಲಿ, ಈಗ ಮುಚ್ಚಿಹೋಗಿರುವ ಟೇಗೆಲ್ ವಿಮಾನ ನಿಲ್ದಾಣದಲ್ಲಿ ಇಳಿದೆ. ನೊಯ್‌ಕೋಲ್ನ್ ಬಡಾವಣೆಯಲ್ಲಿ ಒಬ್ಬರು ತಾವು ಬಾಡಿಗೆಗಿದ್ದ ಮನೆಯ ಒಂದು ಕೋಣೆಯನ್ನು ನನಗೆ ಕೊಟ್ಟಿದ್ದರು. ಬೆಚ್ಚಗಿನ ಕೋಣೆ, ಎತ್ತರದ ಕಿಟಕಿ, ಕೆಳಗೆ ರೊಟ್ಟಿಯಂಗಡಿ. ಸಹಿಯ ಪತ್ರ ಕೇಳಿದಾಗ ಮುಂದಿನ ವಾರ ಎಂದರು, ಅದರ ಮುಂದಿನ ವಾರ ಎಂದರು. ಮನೆಯ ಮೂಲ ಮಾಲೀಕರಿಗೆ ತಿಳಿಸದೆ ಕೋಣೆ ಕೊಟ್ಟಿದ್ದರಿಂದ ಸಹಿ ಹಾಕುವಂತೆಯೇ ಇರಲಿಲ್ಲ ಎಂಬುದು ಡಿಸೆಂಬರಿನಲ್ಲಿ ತಿಳಿಯಿತು. ನನ್ನ ವೀಸಾ ಮೂರು ತಿಂಗಳದ್ದು. ಅದು ಮುಗಿಯುವ ಹೊತ್ತಿಗೆ ಬೇರೆ ಮನೆ ಹಿಡಿದು, ನೋಂದಣಿ ಮಾಡಿಸಿ, ಅನುಮತಿಗೆ ಅರ್ಜಿ ಹಾಕಿದೆ. ಅನುಮತಿ ಕೊಡುವ ಕಚೇರಿಯಲ್ಲಿ ಭೇಟಿಯ ದಿನ ಸಿಕ್ಕಿದ್ದು ಮಾರ್ಚಿಗೆ. ಅಲ್ಲಿಯವರೆಗೆ ಕೈಯಲ್ಲಿದ್ದದ್ದು ಅರ್ಜಿ ಸಲ್ಲಿಸಿದ್ದಕ್ಕೆ ಒಂದು ಪುರಾವೆ ಮಾತ್ರ.

ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಣ್ಣನ ಫೋನ್ ಬಂತು. ಅರಸೀಕೆರೆಯಲ್ಲಿ ಆಗ ಬೆಳಗಿನ ಆರೂವರೆ. ಅಪ್ಪ ಹೋಗಿದ್ದರು. ಬೆಳಕು ಹರಿಯುತ್ತಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಓಡಿದೆ. ಅಲ್ಲಿದ್ದ ಹೆಂಗಸು ನನ್ನ ಕಾಗದಗಳನ್ನೆಲ್ಲ ಓದಿ, ಇದರ ಮೇಲೆ ನೀವು ಜರ್ಮನಿಯಲ್ಲಿ ಇರಬಹುದು, ಹೊರಗೆ ಹೋದರೆ ಮರಳಿ ಬರಲು ಇದು ಆಧಾರವಾಗುವುದಿಲ್ಲ ಎಂದು ನೊಂದುಕೊಂಡೇ ಹೇಳಿದರು. ನನ್ನ ಓದಿಗೆ ಅಪ್ಪ ತೆಂಗಿನ ತೋಟದ ಮೇಲೆ ಸಾಲ ಎತ್ತಿದ್ದರು. ನೀನು ಬಂದು ಇಲ್ಲೇ ಉಳಿದುಬಿಟ್ಟರೆ ಅವರ ಆಸೆ ಏನಾಗಬೇಕು, ಬರಬೇಡ ಎಂದು ಆ ಸ್ಥಿತಿಯಲ್ಲಿಯೂ ಅಮ್ಮನೇ ಹೇಳಿದಳು. ತೋಟದಲ್ಲಿ ನಡೆದ ಸಂಸ್ಕಾರವನ್ನು ಅಣ್ಣನ ಮಗ ಹಿಡಿದ ಮೊಬೈಲಿನಲ್ಲಿ, ಆಗಾಗ ನಿಂತುಹೋಗುವ ಚಿತ್ರದಲ್ಲಿ ನೋಡಿದೆ. ಸಾಲ ತೀರಿದೆ, ತೋಟ ಉಳಿದಿದೆ, ವರ್ಷವರ್ಷವೂ ತಿಥಿಗೆ ಹೋಗಿ ಬರುತ್ತೇನೆ. ಆದರೂ ಆ ದಿನ ನಾನು ಅಲ್ಲಿರಲಿಲ್ಲ, ಮತ್ತು ಅದಕ್ಕೆ ಕಾರಣ ದೂರವಲ್ಲ, ಹಣವಲ್ಲ, ಒಂದು ಸಹಿ, ಎನ್ನುವ ನೋವು ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಆದ್ದರಿಂದ ಹೇಗೋ ಇದ್ದು ಆಮೇಲೆ ನೋಡೋಣ ಎಂಬ ಯೋಚನೆಯನ್ನು ಬಿಟ್ಟುಬಿಡಿ. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ಅಲ್ಲಿ ಸರದಿ ಉದ್ದವಿದೆ, ಆದರೆ ಸಹಿಯ ಚಿಂತೆಯಿಲ್ಲ. ಖಾಸಗಿ ಕೋಣೆಯಾದರೆ ನೋಂದಣಿಗೆ ಪತ್ರ ಕೊಡುತ್ತೀರಾ ಎಂಬುದನ್ನು ಬಾಡಿಗೆ ಕೇಳುವುದಕ್ಕೂ ಮೊದಲು ಬರಹದಲ್ಲಿ ಕೇಳಿ, ಕೊಡುವುದಿಲ್ಲ ಎಂದರೆ ಎಷ್ಟೇ ಅಗ್ಗವಾದರೂ ಕೈಬಿಡಿ. ಮುಂಗಡ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಕಾನೂನಿನಲ್ಲಿದೆ. ಮನೆ ನೋಡದೆ ಊರಿನಿಂದ ಒಂದು ಯೂರೊವನ್ನೂ ಕಳುಹಿಸಬೇಡಿ. ವೀಸಾ ಮುಗಿಯುವವರೆಗೆ ಕಾಯದೆ ಅನುಮತಿಗೆ ಅರ್ಜಿ ಹಾಕಿ. ಕಾಯುವ ಅವಧಿಯಲ್ಲಿ ಯಾವ ಕಾಗದ ಕೊಟ್ಟರೂ ಇದನ್ನು ಹಿಡಿದು ಭಾರತಕ್ಕೆ ಹೋಗಿ ಮರಳಿ ಬರಬಹುದೇ ಎಂದು ಅಲ್ಲೇ ಕೇಳಿಕೊಂಡು ಬನ್ನಿ. ಅಪ್ಪ ಅಮ್ಮ ಆರೋಗ್ಯವಾಗಿದ್ದಾರೆ, ಈಗೇಕೆ ಇದನ್ನೆಲ್ಲ ಕೇಳುವುದು ಎಂದು ಸಂಕೋಚಪಡಬೇಡಿ.

ಕೋಣೆ ಗೊತ್ತಾದ ಕೂಡಲೇ ಕರಾರಿನ ಪ್ರತಿಯನ್ನು ನನಗೆ ಕಳುಹಿಸಿ. ಜರ್ಮನಿನಲ್ಲಿ ಎಷ್ಟೇ ಪುಟವಿದ್ದರೂ ಪೂರ್ತಿ ಓದಿ ಹೇಳುತ್ತೇನೆ, ಅಲ್ಲಿಯವರೆಗೆ ಸಹಿ ಹಾಕಬೇಡಿ.