ಟೆಕ್ಸಸ್‌ನಲ್ಲಿ ಕೊಂಡ ರೈಫಲನ್ನು ವಾಷಿಂಗ್ಟನ್ ರಾಜ್ಯಕ್ಕೆ ತರಬಹುದೇ?

ನಮಸ್ಕಾರ. ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದ ಮೇಲೆ ಟೆಕ್ಸಸ್‌ನ ಡಲ್ಲಾಸ್‌ಗೆ ಬಂದಿರುವ ನೀವು, ಎಆರ್-15 ಮಾದರಿಯ ಅರೆ-ಸ್ವಯಂಚಾಲಿತ (ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು ಹಾರಿ, ಮುಂದಿನದು ತಾನಾಗಿ ಸಿದ್ಧವಾಗುವ) ರೈಫಲ್ ಕೊಳ್ಳಬಹುದೇ, ಮುಂದೆ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಕಚೇರಿಗೆ ವರ್ಗವಾದರೆ ಅದನ್ನು ಜೊತೆಯಲ್ಲಿ ತರಬಹುದೇ ಎಂದು ಕೇಳಿದ್ದೀರಿ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನ ಮನೆಯಲ್ಲಿ ಬೆಳೆದವರಿಗೆ ಇದು ಸಹಜವಾದ ಪ್ರಶ್ನೆಯೇ. ಆದರೆ ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಹಕ್ಕು) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯಂಥದ್ದು ಇಲ್ಲಿಲ್ಲ. ಇಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ನಿಮ್ಮ ವೀಸಾವನ್ನು.

ಟೆಕ್ಸಸ್‌ನ ಕಾನೂನು ಎಷ್ಟೇ ಸಡಿಲವಾಗಿರಲಿ, ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರದ (ಫೆಡರಲ್) ಕಾನೂನು ನಿಷೇಧಿಸುತ್ತದೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಸಹೋದ್ಯೋಗಿಯ ರೈಫಲನ್ನು ಕೈಗೆ ತೆಗೆದುಕೊಳ್ಳುವುದೂ 'ಹೊಂದುವುದು' ಎಂದೇ ಪರಿಗಣಿತವಾಗಬಲ್ಲದು ಎಂಬುದನ್ನು ನಮ್ಮವರಲ್ಲಿ ಅನೇಕರು ಅರಿತಿಲ್ಲ. ಅಂಗಡಿಯಲ್ಲಿ ತುಂಬಬೇಕಾದ 4473 ಸಂಖ್ಯೆಯ ಫಾರಂ ನಿಮ್ಮ ಪೌರತ್ವವನ್ನೂ ನೀವು ತಾತ್ಕಾಲಿಕ ವೀಸಾದಲ್ಲಿದ್ದೀರಾ ಎಂಬುದನ್ನೂ ನೇರವಾಗಿ ಕೇಳುತ್ತದೆ. ಅಲ್ಲಿ ಸುಳ್ಳು ಬರೆಯುವುದು ಪ್ರತ್ಯೇಕ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇರುವುದು ನಿಜ. ಆದರೆ ಟೆಕ್ಸಸ್‌ನ ಸಾಮಾನ್ಯ ವಾರ್ಷಿಕ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ, ಅಂದರೆ ಸರಿಯಾಗಿ ಕೈಲ್‌ಪೊಳ್ದಿನ ಹೊಸ್ತಿಲಲ್ಲಿ, ಮುಗಿಯುತ್ತದೆ. ನವೀಕರಿಸಲು ಮರೆತರೆ ಕಪಾಟಿನಲ್ಲಿ ಸುಮ್ಮನೆ ಇರುವ ರೈಫಲೇ ನಿಮ್ಮನ್ನು ಅಪರಾಧಿಯಾಗಿಸುತ್ತದೆ. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರಿಗೂ ದಾರಿಯಾಗುವುದರಿಂದ, ಕಾಯಂ ವಾಸದ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಈ ಆಸೆಯನ್ನು ಮುಂದೂಡಿ ಎನ್ನುವುದೇ ನನ್ನ ಸಲಹೆ.

ಗ್ರೀನ್ ಕಾರ್ಡ್ ಬಂದ ಮೇಲೆ ರಾಜ್ಯದ ಕಾನೂನು ಮುಖ್ಯವಾಗುತ್ತದೆ. 1994ರ ಕೇಂದ್ರದ ನಿಷೇಧವು 2004ರಲ್ಲಿ ಅವಧಿ ಮುಗಿದು ರದ್ದಾದ ನಂತರ ಈ ರೈಫಲ್‌ಗಳ ವಿಚಾರದಲ್ಲಿ ಒಂದೊಂದು ರಾಜ್ಯವೂ ತನ್ನದೇ ದಾರಿ ಹಿಡಿದಿದೆ. ಟೆಕ್ಸಸ್‌ನಲ್ಲಿ 18 ತುಂಬಿದವರು ಎಫ್‌ಬಿಐನ ಹಿನ್ನೆಲೆ ತಪಾಸಣೆಯಲ್ಲಿ ಉತ್ತೀರ್ಣರಾದರೆ ಅದೇ ದಿನ ರೈಫಲ್ ಮನೆಗೆ ಒಯ್ಯಬಹುದು. ಫ್ಲಾರಿಡಾ 2018ರ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ಬಳಿಕ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ನ್ಯೂಯಾರ್ಕ್ 2022ರಿಂದ ಅರೆ-ಸ್ವಯಂಚಾಲಿತ ರೈಫಲ್ ಕೊಳ್ಳಲು ಪ್ರತ್ಯೇಕ ಪರವಾನಗಿ ಕೇಳುತ್ತದೆ. ಕ್ಯಾಲಿಫೋರ್ನಿಯಾದ ನಿಷೇಧವಂತೂ 1989ರಷ್ಟು ಹಳೆಯದು.

ನಿಮಗೆ ಬೇಕಾದ ವಾಷಿಂಗ್ಟನ್ ರಾಜ್ಯದಲ್ಲಿ ಎರಡು ಕಾನೂನುಗಳು ಒಂದರ ಮೇಲೊಂದು ಕುಳಿತಿದ್ದು, ಎರಡೂ ಬೇರೆ ಬೇರೆ ವ್ಯಾಖ್ಯೆಗಳನ್ನು ಬಳಸುತ್ತವೆ. 2018ರಲ್ಲಿ ಮತದಾರರು ನೇರವಾಗಿ ಅಂಗೀಕರಿಸಿದ ಕಾನೂನು ಎಲ್ಲ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನೂ, ಅಳಿಲು ಹೊಡೆಯುವ ಪುಟ್ಟ .22 ಅಳತೆಯ ರೈಫಲನ್ನೂ ಬಿಡದೆ, ಒಂದೇ ಗುಂಪಿಗೆ ಸೇರಿಸಿ 21 ವರ್ಷ ಮತ್ತು ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿತು. 2023ರ ಏಪ್ರಿಲ್‌ನಲ್ಲಿ ಬಂದ ಎರಡನೆಯದು ಎಆರ್-15 ಸೇರಿ ಹಲವು ಮಾದರಿಗಳನ್ನು ಹೆಸರಿಸಿದ್ದಲ್ಲದೆ, ಕಳಚಬಹುದಾದ ಮ್ಯಾಗಜೀನ್ ಜೊತೆಗೆ ಪಿಸ್ತೂಲಿನಂಥ ಹಿಡಿಕೆ ಮುಂತಾದ ಯಾವುದಾದರೂ ಒಂದು ಲಕ್ಷಣ ಇರುವ, ಅರೆ-ಸ್ವಯಂಚಾಲಿತ ಸೆಂಟರ್‌ಫೈರ್ (ತೋಟಾದ ತಳದ ನಡುವಿಗೆ ಪೆಟ್ಟು ಬಿದ್ದು ಸಿಡಿಯುವ) ರೈಫಲ್‌ಗಳನ್ನೂ ಒಳಗೊಂಡು ಅವುಗಳ ಮಾರಾಟ, ತಯಾರಿಕೆ ಹಾಗೂ ಹೊರರಾಜ್ಯದಿಂದ ತರುವುದನ್ನು ನಿಷೇಧಿಸಿತು. ಮೊದಲೇ ಇಲ್ಲಿ ಇಟ್ಟುಕೊಂಡಿದ್ದವರು ಉಳಿಸಿಕೊಳ್ಳಬಹುದು. ಹೊಸದಾಗಿ ವಾಸಕ್ಕೆ ಬರುವವರು ತರುವಂತಿಲ್ಲ. ಒಂದೇ ವಸ್ತುವನ್ನು ನೆರೆಯವರು ಇಟ್ಟುಕೊಳ್ಳಬಹುದು, ನೀವು ತರಬಾರದು ಎಂಬುದು ನನಗೂ ವಿಚಿತ್ರವೆನಿಸುತ್ತದೆ, ಆದರೆ ಕಾನೂನು ಇರುವುದು ಹಾಗೆಯೇ.

ಬೀಗ ಹಾಕಿ, ಗುಂಡು ತೆಗೆದು ಸಾಗಿಸಿದರೆ ಕೇಂದ್ರದ ರಕ್ಷಣೆ ಇದೆಯಲ್ಲ ಎಂದು ಯಾರಾದರೂ ಧೈರ್ಯ ಹೇಳಬಹುದು. ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ಆ ರೈಫಲ್ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿದ್ದು, ನಡುವಿನ ರಾಜ್ಯಗಳನ್ನು ದಾಟಿ ಹೋಗುವವರಿಗೆ ಮಾತ್ರ ಆ ರಕ್ಷಣೆ. ವಾಷಿಂಗ್ಟನ್‌ಗೆ ನೆಲೆಸಲೆಂದೇ ಬರುವ ನೀವು ಅದನ್ನು ನೆಚ್ಚಿಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ರೈಫಲ್ ಕೊಂಡಿದ್ದರೂ, ಹೊರಡುವ ಮುನ್ನ ಅದನ್ನು ಡಲ್ಲಾಸ್‌ನಲ್ಲಿಯೇ ಪರವಾನಗಿ ಪಡೆದ ವ್ಯಾಪಾರಿಗೆ ಮಾರಿ, ರಸೀದಿ ಇಟ್ಟುಕೊಂಡು ಬನ್ನಿ.