ಕ್ಯಾಲೆಂಡರಿನ ಕೆಂಪು ಸುತ್ತುಗಳು

ಊಟ, ತೂಕದ ಬಗ್ಗೆ ಸಲಹೆ ಕೇಳಲು ತಾಯಿಯೊಂದಿಗೆ ನನ್ನ ಬಳಿ ಬಂದ, ದಾವಣಗೆರೆಯಿಂದ ಹರಿಹರಕ್ಕೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ 26 ವರ್ಷದ ಈ ಯುವತಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಏರುಪೇರಾಗುವ ತೊಂದರೆ) ಇದೆಯೆಂದು ಸ್ತ್ರೀರೋಗ ತಜ್ಞರು ಮಧುಮೇಹಕ್ಕೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು ಐದು ತಿಂಗಳಾಗಿತ್ತು. ಆ ಮಾತ್ರೆ ನುಂಗಿದರೆ ಹತ್ತು ಕೆಜಿ ಇಳಿಯುತ್ತದೆಂದು ಪರಿಚಯದವರೊಬ್ಬರು ಹೇಳಿದ್ದರಂತೆ. 74 ಕೆಜಿಯಿಂದ ಹೊರಟ ತೂಕ 73ರ ಆಸುಪಾಸಿನಲ್ಲೇ ನಿಂತಾಗ ಬೇಸತ್ತು, ಯಾರಿಗೂ ಹೇಳದೆ ಮೂರು ವಾರದ ಹಿಂದೆ ಮಾತ್ರೆ ಬಿಟ್ಟಿದ್ದಳು. ನೋಡಲು ಬಂದ ಗಂಡಿನ ಕಡೆಯವರು ‘ಹುಡುಗಿ ಸ್ವಲ್ಪ ದಪ್ಪ’ ಎಂದದ್ದನ್ನು ಜೊತೆಗಿದ್ದ ತಾಯಿ ಎರಡು ಸಲ ಹೇಳಿದರು. ಮಗಳು ಒಮ್ಮೆಯೂ ಹೇಳಲಿಲ್ಲ.

ಆಕೆ ಮನೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದಳು. ಪ್ರತಿ ಚೌಕದಲ್ಲೂ ಬೆಳಗಿನ ತೂಕ: 73.6, 73.9, 73.2, ಹಬ್ಬದ ಮರುದಿನ 74.4, ಅದರ ಕೆಳಗೆ ಒತ್ತಿ ಎಳೆದ ಎರಡು ಗೆರೆ. ಮುಟ್ಟಾದ ದಿನಕ್ಕೆ ಕೆಂಪು ಸುತ್ತು. ಅಂಕಿಗಳನ್ನು ಬಿಟ್ಟು ಸುತ್ತುಗಳನ್ನಷ್ಟೇ ಎಣಿಸು ಎಂದೆ. ಮಾತ್ರೆಗೆ ಮೊದಲಿನ ಐದು ತಿಂಗಳಲ್ಲಿ ಒಂದು, ಆಮೇಲಿನ ಐದರಲ್ಲಿ ಮೂರು.

ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಅದು ರಕ್ತದಲ್ಲಿ ಹೆಚ್ಚುತ್ತದೆ, ಹೆಚ್ಚಿದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ಅದರಿಂದ ಅಂಡ ಬಿಡುಗಡೆಯಾಗುವುದು ತಪ್ಪಿ ಮುಟ್ಟು ಮುಂದೆ ಹೋಗುತ್ತದೆ. ಮಾತ್ರೆಯ ಕೆಲಸ ಈ ಸರಪಳಿಯನ್ನು ಸಡಿಲಿಸುವುದು ಎಂದು ವಿವರಿಸಿದೆ. ತೂಕ ಕೆಲವರಲ್ಲಿ ಎರಡು–ಮೂರು ಕೆಜಿ ಇಳಿಯಬಹುದು, ಕೆಲವರಲ್ಲಿ ಇಳಿಯದೆಯೂ ಇರಬಹುದು. ಶೇಕಡಾ 5ರಷ್ಟು, ಅಂದರೆ ಆಕೆಗೆ ಸುಮಾರು 3.7 ಕೆಜಿ ಇಳಿದರೂ ಮುಟ್ಟಿಗೆ ಅನುಕೂಲವೆಂದಾಗ ತಾಯಿ ನಂಬಲಿಲ್ಲ.

ಮಾತ್ರೆ ಬಿಡಲು ಇನ್ನೊಂದು ಕಾರಣವಿದ್ದದ್ದು ತಾಯಿ ಹೊರಗೆ ಹೋದ ಮೇಲೆ ತಿಳಿಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಬಸ್ಸು ಹತ್ತಿದರೆ ಹೊಟ್ಟೆ ಕೆಡುತ್ತಿತ್ತು. ಒಂದು ದಿನ ನಡುದಾರಿಯಲ್ಲೇ ಇಳಿಯಬೇಕಾಗಿತ್ತು. ತೂಕದ ಮಾತಿಗಿಂತ ಇದೇ ದೊಡ್ಡದೆಂದು ನನಗನ್ನಿಸಿತು. ಈ ತೊಂದರೆ ಸಾಮಾನ್ಯವಾದದ್ದು, ಮುಚ್ಚಿಡಬೇಡ; ಊಟದ ಜೊತೆ ತೆಗೆದುಕೊಳ್ಳುವುದು, ಕಡಿಮೆ ಪ್ರಮಾಣದಿಂದ ನಿಧಾನವಾಗಿ ಏರಿಸುವುದು, ನಿಧಾನವಾಗಿ ಕರಗುವ ಬಗೆಯ ಮಾತ್ರೆ, ಈ ಮೂರನ್ನೂ ವೈದ್ಯರ ಬಳಿ ಕೇಳು, ಅವರು ಹೇಳಿದಂತೆಯೇ ಮತ್ತೆ ಆರಂಭಿಸು ಎಂದೆ. ಪ್ರಮಾಣ ನಿರ್ಧರಿಸುವುದು ನನ್ನ ಕೆಲಸವಲ್ಲ. ಮಾಂಸ ಮುಟ್ಟದ ಮನೆಯಾದ್ದರಿಂದ, ಮಾತ್ರೆ ವರ್ಷಗಟ್ಟಲೆ ಮುಂದುವರಿದರೆ ಕಡಿಮೆಯಾಗಬಹುದಾದ ಬಿ12 ಜೀವಸತ್ವದ ಪರೀಕ್ಷೆಯ ಬಗ್ಗೆಯೂ ವಿಚಾರಿಸಲು ಹೇಳಿದೆ.

ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ಬಿಡಿ ಎಂದರೆ ಆ ಸಲಹೆ ಎರಡು ವಾರವೂ ಬಾಳುವುದಿಲ್ಲ. ದೋಸೆ ಎಂದಾದರೊಮ್ಮೆ ಇರಲಿ, ದಿನದ ಸಂಜೆಯ ಮಂಡಕ್ಕಿ–ಮಿರ್ಚಿಯ ಬದಲು ಮೊಳಕೆ ಕಾಳು, ಕುಂದವಾಡ ಕೆರೆಯ ದಂಡೆಯ ಮೇಲೆ ಅರ್ಧ ಗಂಟೆ ಬಿರುಸಿನ ನಡಿಗೆ ಎಂದು ಒಪ್ಪಿಸಿದೆ. ತೂಕ ನೋಡುವುದು ಸೋಮವಾರ ಮಾತ್ರ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ. ದೇಹದ ಬಗ್ಗೆ ನೆಂಟರ ಮಾತನ್ನು ಮಗಳ ಕಿವಿಗೆ ತಲುಪಿಸುವುದನ್ನು ನಿಲ್ಲಿಸಬೇಕೆಂದು ತಾಯಿಗೆ ಬೇರೆಯಾಗಿ ಹೇಳಬೇಕಾಯಿತು.

ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಸೋಮವಾರದ ಚೌಕಗಳಲ್ಲಿ ಮಾತ್ರ ಅಂಕಿಗಳಿದ್ದವು, ಕೊನೆಯದು 72.1. ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ, ಕೆಂಪು ಸುತ್ತುಗಳ ನಡುವಿನ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದವರು ತಾಯಿ.