ರೆಡ್‌ಫಿಶ್ ಬೆದರುವುದು: ಫ್ಲೈ ಬರುವ ದಿಕ್ಕನ್ನು ಗಮನಿಸಿ

ಟೆಕ್ಸಾಸ್‌ನ ಲಗೂನಾ ಮಾದ್ರೆ ಎಂಬ ಆಳವಿಲ್ಲದ ಕಡಲ ಹಿನ್ನೀರಿನಲ್ಲಿ ಗೈಡ್ ತೋರಿಸಿದ ರೆಡ್‌ಫಿಶ್‌ನ ಹತ್ತಿರವೇ ಫ್ಲೈ (ಸಿಗಡಿ, ಏಡಿಯಂಥ ಜೀವಿಯನ್ನು ಹೋಲುವಂತೆ ಗಾಳಕ್ಕೆ ಕಟ್ಟಿದ ಕೃತಕ ಎರೆ) ಬಿದ್ದರೂ, ಎಳೆಯತೊಡಗಿದ ಕೂಡಲೇ ಮೀನು ಓಡುತ್ತದೆ ಎಂದು ನೀವು ಬರೆದಿರುವುದನ್ನು ನೋಡಿದರೆ, ದೋಷ ಬಹುಶಃ ಫ್ಲೈಯಲ್ಲಿಲ್ಲ, ಅದು ಚಲಿಸುವ ದಿಕ್ಕಿನಲ್ಲಿದೆ. ಮೀನಿನ ಆಚೆ ಬದಿಗೆ ಬಿದ್ದ ಫ್ಲೈಯನ್ನು ಎಳೆದಾಗ ಅದು ಮೀನಿನ ಮೇಲೆಯೇ ನುಗ್ಗಿದಂತಾಗುತ್ತದೆ; ಸಿಗಡಿಯಾಗಲಿ ಏಡಿಯಾಗಲಿ ತನ್ನನ್ನು ತಿನ್ನಲು ಬಂದವನ ಕಡೆಗೆ ಎಂದೂ ಓಡುವುದಿಲ್ಲ.

ಮೊದಲು ತಲೆ ಯಾವ ಕಡೆಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈಜುತ್ತಿರುವ ಮೀನಾದರೆ ಅದರ ದಾರಿಯಲ್ಲಿ ಮೂರು ನಾಲ್ಕು ಅಡಿ ಮುಂದಕ್ಕೆ, ತುಸು ಆಚೆಗೆ ಎಸೆದು, ಅದು ಸಮೀಪಿಸುವವರೆಗೆ ಕಾದು, ಆನಂತರ ಫ್ಲೈ ಅದರ ಮೂತಿಯ ಮುಂದಿನಿಂದ ಅಡ್ಡಲಾಗಿ ದೂರ ಸರಿಯುವಂತೆ ಸಣ್ಣಸಣ್ಣದಾಗಿ ಎಳೆಯಿರಿ. ಬಾಲವನ್ನು ನೀರಿನಿಂದ ಮೇಲೆತ್ತಿ ತಳವನ್ನು ಕೆದಕುತ್ತಿರುವ ಮೀನಿಗೆ ಸುತ್ತಲಿನದು ಅಷ್ಟಾಗಿ ಕಾಣದು; ಅಲ್ಲಿ ಒಂದಡಿ ಹತ್ತಿರಕ್ಕೆ ಎಸೆಯಬೇಕಾಗುತ್ತದೆ. ಮೀನು ಕಚ್ಚಿದಾಗ ರಾಡ್ (ಗಾಳದ ಕೋಲು) ಮೇಲೆತ್ತದೆ, ಅದರ ತುದಿಯನ್ನು ನೀರಿನ ಕಡೆಗೇ ಇಟ್ಟು, ಲೈನ್ (ಗಾಳದ ದಾರ) ಹಿಡಿದ ಕೈಯಿಂದ ಬಿಗಿಯಾಗಿ ಎಳೆಯಿರಿ. ನದಿಯ ಟ್ರೌಟ್ ಮೀನು ಹಿಡಿದು, ಕಚ್ಚಿದೊಡನೆ ರಾಡ್ ಎತ್ತುವ ಅಭ್ಯಾಸವಾದವರಿಗೆ ಇದೇ ಅತ್ಯಂತ ಕಷ್ಟ.

ಫ್ಲೈ ನೀರಿಗೆ ತಾಗುವ ಮೊದಲೇ ಮೀನು ಓಡುತ್ತಿದ್ದರೆ ಮಾತ್ರ ಕಾರಣ ಬೇರೆ: ಲೈನಿನ ನೆರಳು ಅಥವಾ ದೋಣಿಯಲ್ಲಿನ ಕಾಲಿನ ಸದ್ದು. ಬಿದ್ದ ಸದ್ದಿಗೇ ಓಡಿದರೆ, ಸೀಸದ ಕಣ್ಣಿನ ಫ್ಲೈ ಬಿಟ್ಟು ಮಣಿಸರದ ಹಗುರ ಕಣ್ಣಿನದನ್ನು ಕಟ್ಟಿ. ಎಸೆಯುವ ಕೋನ ಸರಿಯಿಲ್ಲವೆನಿಸಿದರೆ ಎಸೆಯಲೇಬೇಡಿ. ಕೋಲೂರಿ ದೋಣಿ ನೂಕುವ ಗೈಡ್‌ಗೆ ಮುಂಭಾಗವನ್ನು ತಿರುಗಿಸಲು ಹೇಳಿ.